ಡಾರ್ಟ್‌ಫರ್ಡ್ ಗೆದ್ದವರಿಗೇ ಲಂಡನ್ ಗದ್ದುಗೆ?

ಬ್ರಿಟನ್‌ನಲ್ಲಿ ಮತದಾನ ಮುಗಿಯೋದು ರಾತ್ರಿ 10 ಗಂಟೆಗೆ. ನಮ್ಮಲ್ಲಿ ಆಗ ಬೆಳಗಿನ ಜಾವ ಎರಡೂವರೆ. 2024ರ ಜುಲೈ 4ರ ಆ ರಾತ್ರಿ 10 ಹೊಡೆಯುತ್ತಿದ್ದಂತೆ ಮತಗಟ್ಟೆ ಸಮೀಕ್ಷೆ ಹೊರಬಿತ್ತು. ಲೇಬರ್ ಪಕ್ಷಕ್ಕೆ 410 ಸೀಟು. ಅಲ್ಲಿಗೆ ರಿಷಿ ಸುನಕ್ ಸರ್ಕಾರದ ಕಥೆ ಮುಗಿಯಿತು. ದೇಶದ ಮಟ್ಟದಲ್ಲಿ ಯಾವ ಕುತೂಹಲವೂ ಉಳಿದಿರಲಿಲ್ಲ. ಆದರೂ ಒಂದು ಕ್ಷೇತ್ರದ ಎಣಿಕೆಯ ಮೇಲೆ ಚುನಾವಣೆಯ ಹುಚ್ಚು ಹಿಡಿದವರ ಕಣ್ಣು ನೆಟ್ಟಿತ್ತು. ಅದು ಡಾರ್ಟ್‌ಫರ್ಡ್. ಕೊನೆಗೆ ಅಲ್ಲಿ ಲೇಬರ್ ಗೆದ್ದದ್ದು ಬರೀ 1,192 ಮತಗಳಿಂದ. ಅಷ್ಟು ಸಾಕಾಯಿತು. 1964ರಿಂದ ಒಂದೇ ಒಂದು ಸಲವೂ ತಪ್ಪದ ದಾಖಲೆ 17ನೇ ಚುನಾವಣೆಯಲ್ಲೂ ಉಳಿಯಿತು. ಡಾರ್ಟ್‌ಫರ್ಡ್ ಯಾರಿಗೋ, ಸರ್ಕಾರ ಅವರಿಗೇ.

ನಮಗೆ ಇದು ಹೊಸ ಮಾತಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ಗೆದ್ದ ಪಕ್ಷಕ್ಕೇ ವಿಧಾನಸೌಧ ಅಂತ ದಶಕಗಳ ಕಾಲ ನಂಬಿಕೊಂಡು ಬಂದವರು ನಾವು. 2023ರಲ್ಲಿ ಶಿರಹಟ್ಟಿಯಲ್ಲಿ ಬಿಜೆಪಿ ಗೆದ್ದಿತು, ವಿಧಾನಸೌಧದಲ್ಲಿ ಕಾಂಗ್ರೆಸ್ ಕೂತಿತು. ನಂಬಿಕೆ ಮುರಿದುಬಿತ್ತು. ಆವತ್ತು ಸ್ಟುಡಿಯೋದಲ್ಲಿ ನನ್ನ ಪಕ್ಕ ಕೂತಿದ್ದವರೊಬ್ಬರು, 'ಇನ್ನು ಮುಂದೆ ಯಾವ ಕ್ಷೇತ್ರ ತೋರಿಸೋಣ ಸಾರ್?' ಅಂತ ಕೇಳಿದ್ದರು. ನಮ್ಮ ವೃತ್ತಿಯ ಕಷ್ಟ ಅದು. ನಮಗೆ ಒಂದು ಊರು ಬೇಕು, ಅದರಲ್ಲಿ ಇಡೀ ನಾಡು ಕಾಣಬೇಕು.

ಇಂಗ್ಲಿಷ್‌ನಲ್ಲಿ ಇಂಥ ಕ್ಷೇತ್ರವನ್ನು 'ಬೆಲ್‌ವೆದರ್' ಅಂತಾರೆ. ಹವಾಮಾನಕ್ಕೂ ಈ ವೆದರ್‌ಗೂ ಸಂಬಂಧ ಇಲ್ಲ. ಇಲ್ಲಿ ವೆದರ್ ಅಂದರೆ ಬೀಜ ಒಡೆದ ಟಗರು. ಅದರ ಕೊರಳಿಗೆ ಗಂಟೆ ಕಟ್ಟಿ ಮುಂದೆ ಬಿಡುತ್ತಾರೆ. ಮಂದೆ ಆ ಸದ್ದಿನ ಹಿಂದೆ ನಡೆಯುತ್ತೆ. ಮಂಜು ಮುಸುಕಿದ ಗುಡ್ಡದಲ್ಲಿ ಮಂದೆ ಎಲ್ಲಿದೆ ಅಂತ ಕುರುಬನಿಗೆ ಗೊತ್ತಾಗೋದು ಗಂಟೆಯಿಂದಲೇ. ನಮ್ಮ ಕುರಿಗಾಹಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಶ್ನೆ ಇರುವುದು ಬೇರೆ. ಡಾರ್ಟ್‌ಫರ್ಡ್ ಎಂಬ ಟಗರು ನಿಜವಾಗಿ ಮಂದೆಯ ಮುಂದೆ ನಡೆದಿತ್ತಾ? ಅಥವಾ ಮಂದೆ ಹೋದ ಕಡೆ ಅದೂ ಹೋಗಿ, ಗಂಟೆಯನ್ನು ಆಮೇಲೆ ನಾವು ಕಟ್ಟಿದೆವಾ?

ಮೊದಲು ಊರು ನೋಡೋಣ. ಲಂಡನ್ ಮಧ್ಯಭಾಗದಿಂದ ಸುಮಾರು 30 ಕಿಲೋಮೀಟರ್ ದೂರ, ಥೇಮ್ಸ್ ನದಿಯ ದಕ್ಷಿಣ ದಂಡೆ, ಕೆಂಟ್ ಕೌಂಟಿ. ಲಂಡನ್ ಮುಗಿದು ಹಳ್ಳಿಗಾಡು ಶುರುವಾಗುವ ಅಂಚು. ರೋಲಿಂಗ್ ಸ್ಟೋನ್ಸ್ ಅಭಿಮಾನಿಗಳಿಗೆ ಈ ಊರು ಗೊತ್ತಿರುತ್ತೆ. ಮಿಕ್ ಜ್ಯಾಗರ್ ಮತ್ತು ಕೀತ್ ರಿಚರ್ಡ್ಸ್ 1961ರಲ್ಲಿ ಇದೇ ಊರಿನ ರೈಲ್ವೆ ಪ್ಲಾಟ್‌ಫಾರಂನಲ್ಲಿ ಎದುರುಬದುರಾದರು. ಎಂಜಿನಿಯರಿಂಗ್ ಓದಿದ ನನಗೆ ಮಾತ್ರ ಡಾರ್ಟ್‌ಫರ್ಡ್ ಅಂದರೆ ರಿಚರ್ಡ್ ಟ್ರೆವಿಥಿಕ್. 1804ರಲ್ಲಿ ಹಳಿಯ ಮೇಲೆ ಮೊದಲ ಉಗಿಬಂಡಿ ಓಡಿಸಿದ ಮಹಾನುಭಾವ. ನಾವೆಲ್ಲ ಪಠ್ಯದಲ್ಲಿ ಸ್ಟೀಫನ್ಸನ್ ಹೆಸರು ಉರು ಹೊಡೆದೆವು. ಟ್ರೆವಿಥಿಕ್ ಡಾರ್ಟ್‌ಫರ್ಡ್‌ನ ಹಾಲ್ ಕಂಪನಿಯ ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ, ಕೈಯಲ್ಲಿ ಕಾಸಿಲ್ಲದೆ, 1833ರಲ್ಲಿ ಇಲ್ಲೇ ತೀರಿಕೊಂಡ. ಗುರುತಿನ ಕಲ್ಲೂ ಇಲ್ಲದೆ ಮಣ್ಣಾದ. ಎಂಜಿನ್ ಕಾರ್ಖಾನೆ, ಕಾಗದದ ಗಿರಣಿ, ಸಿಮೆಂಟ್, ಆಮೇಲೆ ಬರೋಸ್ ವೆಲ್‌ಕಮ್ ಔಷಧ ಕಂಪನಿ. ಒಟ್ಟಿನಲ್ಲಿ ದುಡಿಯುವವರ ಊರು.

ದುಡಿಯುವವರ ಊರು ಅಂದಮೇಲೆ ಲೇಬರ್ ಪಕ್ಷದ್ದೇ ಅಲ್ವಾ? 1885ರಲ್ಲಿ ಹುಟ್ಟಿದ ಈ ಕ್ಷೇತ್ರ 1920ರ ಉಪಚುನಾವಣೆಯಲ್ಲಿ ಲೇಬರ್‌ನ ಜಾನ್ ಮಿಲ್ಸ್ ಅವರನ್ನು ಗೆಲ್ಲಿಸಿತು. 1922ರಲ್ಲಿ ಸೋಲಿಸಿತು. 1923ರಲ್ಲಿ ಗೆಲ್ಲಿಸಿತು, 1924ರಲ್ಲಿ ಸೋಲಿಸಿತು, 1929ರಲ್ಲಿ ಮತ್ತೆ ಗೆಲ್ಲಿಸಿತು, 1931ರಲ್ಲಿ ಮತ್ತೆ ಮನೆಗೆ ಕಳಿಸಿತು. ಪಾಪ, ಆ ಮನುಷ್ಯನಿಗೆ ಪೆಟ್ಟಿಗೆ ಬಿಚ್ಚಿಡೋಕೂ ಪುರುಸೊತ್ತು ಇರಲಿಲ್ಲ ಅನ್ನಿಸುತ್ತೆ. ಆದರೆ 1938ರ ಉಪಚುನಾವಣೆಯಲ್ಲಿ ಜೆನ್ನಿ ಆಡಮ್ಸನ್ ಲೇಬರ್ ಟಿಕೆಟ್‌ನಲ್ಲಿ ಗೆದ್ದ ಮೇಲೆ ಕ್ಷೇತ್ರ 32 ವರ್ಷ ಅಲ್ಲಾಡಲಿಲ್ಲ. 1945ರಲ್ಲಿ ನಾರ್ಮನ್ ಡಾಡ್ಸ್ ಬಂದರು, ಮತಗಳ ಮಳೆ ಸುರಿಯಿತು. ಡಾರ್ಟ್‌ಫರ್ಡ್ ಅಂದರೆ ಲೇಬರ್ ಕೋಟೆ.

ಆ ಕೋಟೆಗೆ ತಲೆ ಕೊಡಲು 1949ರಲ್ಲಿ ಕನ್ಸರ್ವೇಟಿವ್ ಪಕ್ಷ ಒಬ್ಬ ಹುಡುಗಿಯನ್ನು ಆರಿಸಿತು. ವಯಸ್ಸು 23. ಆಕ್ಸ್‌ಫರ್ಡ್‌ನಲ್ಲಿ ರಸಾಯನಶಾಸ್ತ್ರ ಓದಿದವಳು. ಲಂಡನ್‌ನ ಜೆ. ಲಯನ್ಸ್ ಎಂಬ ಆಹಾರ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ. ಹೆಸರು ಮಾರ್ಗರೆಟ್ ರಾಬರ್ಟ್ಸ್. ದಿನಸಿ ಅಂಗಡಿಯವನ ಮಗಳು. ಪಕ್ಷದ ಲೆಕ್ಕ ನಮಗೂ ಪರಿಚಿತವೇ. ಗೆಲ್ಲದ ಸೀಟು, ಹೊಸ ಮುಖಕ್ಕೆ ಕೊಟ್ಟು ನೋಡೋಣ. ಆಕೆ ಊರಲ್ಲೇ ಬಾಡಿಗೆ ಕೋಣೆ ಹಿಡಿದಳು. ಬೆಳಗ್ಗೆ ಲಂಡನ್‌ಗೆ ಹೋಗಿ ದುಡಿದು ಬರೋದು, ಸಂಜೆ ಮನೆಮನೆ ಸುತ್ತೋದು. 1950ರಲ್ಲಿ 13,638 ಮತಗಳಿಂದ ಸೋತಳು. 1951ರಲ್ಲಿ ಮತ್ತೆ ನಿಂತು 12,334 ಮತಗಳಿಂದ ಸೋತಳು. ಆದರೆ ಆಕೆಯನ್ನು ಅಭ್ಯರ್ಥಿ ಅಂತ ಅಂಗೀಕರಿಸಿದ ಸಭೆಯ ರಾತ್ರಿ ಪಕ್ಕದ ಎರಿತ್‌ನಲ್ಲಿ ಬಣ್ಣದ ಕಾರ್ಖಾನೆ ನಡೆಸುತ್ತಿದ್ದ ಒಬ್ಬರು ಕಾರಿನಲ್ಲಿ ಡ್ರಾಪ್ ಕೊಟ್ಟಿದ್ದರು. ಅವರ ಹೆಸರು ಡೆನಿಸ್ ಥ್ಯಾಚರ್. 1951ರ ಡಿಸೆಂಬರ್‌ನಲ್ಲಿ ಇಬ್ಬರ ಮದುವೆಯಾಯಿತು. ಸೀಟು ಸಿಗಲಿಲ್ಲ, ಮುಂದೆ ಇಡೀ ಜಗತ್ತು ಕರೆಯಬೇಕಾದ ಹೆಸರು ಸಿಕ್ಕಿತು.

ಈಗ ದಾಖಲೆ ಶುರುವಾಗುವ 1964ಕ್ಕೆ ಬನ್ನಿ. ಇಲ್ಲೊಂದು ವಿಷಯವನ್ನು ಯಾರೂ ಟಿವಿಯಲ್ಲಿ ಹೇಳೋದಿಲ್ಲ. 1964ರಲ್ಲಿ ಡಾರ್ಟ್‌ಫರ್ಡ್ ಏನನ್ನೂ ಬದಲಿಸಲಿಲ್ಲ! ಲೇಬರ್‌ನ ಸಿಡ್ನಿ ಇರ್ವಿಂಗ್ 1955ರಲ್ಲೇ ಗೆದ್ದಿದ್ದರು, 1959ರಲ್ಲೂ ಗೆದ್ದಿದ್ದರು. ಆ ಎರಡೂ ಸಲ ದೇಶದಲ್ಲಿ ಕನ್ಸರ್ವೇಟಿವ್ ಸರ್ಕಾರ. ಅಂದರೆ ಡಾರ್ಟ್‌ಫರ್ಡ್‌ನ ಗಂಟೆ ತಪ್ಪಾಗಿ ಬಾರಿಸಿತ್ತು. 1964ರಲ್ಲಿ ಹೆರಾಲ್ಡ್ ವಿಲ್ಸನ್ ಕೇವಲ 4 ಸೀಟುಗಳ ಬಹುಮತದಿಂದ ಪ್ರಧಾನಿಯಾದಾಗ ಇರ್ವಿಂಗ್ ಮತ್ತೆ ಗೆದ್ದರು. ಊರು ಇದ್ದಲ್ಲೇ ಇತ್ತು, ದೇಶವೇ ಅದರ ಹತ್ತಿರ ಬಂತು. ಇದರ ಮಧ್ಯೆ 1955ರಲ್ಲಿ ಕ್ಷೇತ್ರದ ಗಡಿಯೂ ಬದಲಾಗಿತ್ತು. ಲೇಬರ್‌ಗೆ ಗಟ್ಟಿಯಾಗಿದ್ದ ಎರಿತ್ ಮತ್ತು ಕ್ರೇಫರ್ಡ್ ಕಾರ್ಖಾನೆ ಪ್ರದೇಶಗಳನ್ನು ಕತ್ತರಿಸಿ ಬೇರೆ ಕ್ಷೇತ್ರ ಮಾಡಿದ್ದರು. ಥ್ಯಾಚರ್ ಸೋತ ಡಾರ್ಟ್‌ಫರ್ಡ್ ಬೇರೆ, ದಾಖಲೆ ಬರೆದ ಡಾರ್ಟ್‌ಫರ್ಡ್ ಬೇರೆ. ಕೋಟೆ ಒಡೆದು ಸಮಬಲದ ಅಖಾಡ ಮಾಡಿದ್ದು ನಕ್ಷೆ ಬರೆದವರ ಪೆನ್ಸಿಲ್.

1970ರಲ್ಲಿ ವಿಲ್ಸನ್ ಗೆಲ್ಲುತ್ತಾರೆ ಅಂತ ಹೆಚ್ಚಿನ ಸಮೀಕ್ಷೆಗಳು ಹೇಳಿದ್ದವು. ಗೆದ್ದದ್ದು ಎಡ್ವರ್ಡ್ ಹೀತ್. ಡಾರ್ಟ್‌ಫರ್ಡ್‌ನಲ್ಲಿ ಇರ್ವಿಂಗ್ ಸೋತು ಕನ್ಸರ್ವೇಟಿವ್‌ನ ಪೀಟರ್ ಟ್ರೂ ಬಂದರು. ಮುಂದಿನ ಸಲ, 1974ರ ಫೆಬ್ರವರಿಯಲ್ಲಿ, ಇರ್ವಿಂಗ್ ವಾಪಸ್.

ಈ 1974ರ ಫೆಬ್ರವರಿ ಚುನಾವಣೆಯ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕಂದರೆ ಇಲ್ಲೇ ಮರ್ಮ ಇರೋದು. ಆ ಸಲ ದೇಶದಲ್ಲಿ ಹೆಚ್ಚು ಮತ ಬಿದ್ದದ್ದು ಕನ್ಸರ್ವೇಟಿವ್‌ಗೆ, ಲೇಬರ್‌ಗಿಂತ 2 ಲಕ್ಷಕ್ಕೂ ಹೆಚ್ಚು. ಆದರೆ ಸೀಟು? ಲೇಬರ್ 301, ಕನ್ಸರ್ವೇಟಿವ್ 297. ಸರ್ಕಾರ ಲೇಬರ್‌ದು. 1951ರಲ್ಲಿ ಇದೇ ಕಥೆ ಉಲ್ಟಾ ನಡೆದಿತ್ತು. ಮತದಲ್ಲಿ ಲೇಬರ್ 2 ಲಕ್ಷಕ್ಕೂ ಮಿಕ್ಕಿ ಮುಂದೆ, ಸೀಟಿನಲ್ಲಿ ಹಿಂದೆ, ಚರ್ಚಿಲ್ ಪ್ರಧಾನಿ. ಈಗ ಡಾರ್ಟ್‌ಫರ್ಡ್ ಪಕ್ಕದಲ್ಲಿಟ್ಟು ನೋಡಿ. 1951ರಲ್ಲಿ ಅದು ಹೆಚ್ಚು ಜನ ಮತ ಹಾಕಿದ ಪಕ್ಷವನ್ನೇ ಗೆಲ್ಲಿಸಿತ್ತು. ಅದನ್ನು ಯಾರೂ ದಾಖಲೆಗೆ ಸೇರಿಸೋದಿಲ್ಲ. 1974ರಲ್ಲಿ ಕಡಿಮೆ ಜನ ಮತ ಹಾಕಿದ ಪಕ್ಷವನ್ನು ಗೆಲ್ಲಿಸಿತು, ಅದು ದಾಖಲೆಗೆ ಸೇರಿತು. ನಾವು ಬೆಲ್‌ವೆದರ್ ಅಂತ ಕರೆಯೋದು ಜನರ ಮನಸ್ಸನ್ನು ಹಿಡಿದ ಕ್ಷೇತ್ರವನ್ನಲ್ಲ, ಕುರ್ಚಿ ಯಾರಿಗೆ ಹೋಯಿತೋ ಅವರ ಜೊತೆ ಹೋದ ಕ್ಷೇತ್ರವನ್ನು.

1979ರಲ್ಲಿ ಥ್ಯಾಚರ್ ಪ್ರಧಾನಿಯಾದರು. ಎರಡು ಸಲ ಅವರನ್ನು ಸೋಲಿಸಿದ್ದ ಊರು ಈ ಸಲ ಅವರ ಪಕ್ಷದ ಬಾಬ್ ಡನ್ ಅವರನ್ನು ಆರಿಸಿತು, 18 ವರ್ಷ ಇಟ್ಟುಕೊಂಡಿತು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. 1980ರ ವಸತಿ ಕಾಯ್ದೆ ಬಂತು. ಕೌನ್ಸಿಲ್ ಮನೆಯಲ್ಲಿ ಬಾಡಿಗೆಗಿದ್ದವರು ಅದೇ ಮನೆಯನ್ನು ಅರ್ಧ ಬೆಲೆಯವರೆಗಿನ ರಿಯಾಯಿತಿಯಲ್ಲಿ ಕೊಂಡುಕೊಳ್ಳಬಹುದು. ಬಾಡಿಗೆದಾರ ಮನೆ ಮಾಲೀಕನಾದ, ಮಾಲೀಕನಾದವನು ಬಡ್ಡಿದರ ನೋಡಿ ಮತ ಹಾಕಲು ಶುರುಮಾಡಿದ. ಇತ್ತ ಥೇಮ್ಸ್ ಕೆಳಗೆ 1963ರಲ್ಲೇ ಮೊದಲ ಸುರಂಗ ಬಂದಿತ್ತು, 1980ರಲ್ಲಿ ಎರಡನೆಯದು, 1991ರಲ್ಲಿ ಮೇಲೆ ಎರಡನೇ ಎಲಿಜಬೆತ್ ರಾಣಿಯ ಹೆಸರಿನ ಸೇತುವೆ. ಲಂಡನ್‌ಗೆ ಉಂಗುರದಂತೆ ಸುತ್ತುವ ಹೆದ್ದಾರಿ ನದಿ ದಾಟುವುದು ಇಲ್ಲೇ. ಸುಣ್ಣದಕಲ್ಲು ಅಗೆದು ಬಿಟ್ಟಿದ್ದ ದೊಡ್ಡ ಗುಂಡಿಯಲ್ಲಿ 1999ರಲ್ಲಿ ಬ್ಲೂವಾಟರ್ ಮಾಲ್ ಎದ್ದಿತು. ಅಪ್ಪ ಸಿಮೆಂಟಿಗೆ ಕಲ್ಲು ಅಗೆದ ಜಾಗದಲ್ಲಿ ಮಗಳು ಬಟ್ಟೆ ಅಂಗಡಿಯ ಕೌಂಟರ್‌ನಲ್ಲಿ ನಿಲ್ಲುವ ಕಾಲ. ಇಂಥ ಊರಿಗೆ ಯಾವ ಪಕ್ಷದ ಮೇಲೂ ತಲೆತಲಾಂತರದ ಋಣ ಇರೋದಿಲ್ಲ. 1997ರಲ್ಲಿ ಟೋನಿ ಬ್ಲೇರ್ ಅಲೆಯಲ್ಲಿ ಲೇಬರ್‌ನ ಹೋವರ್ಡ್ ಸ್ಟೋಟ್ ಗೆದ್ದರು. ವೃತ್ತಿಯಲ್ಲಿ ವೈದ್ಯರು, ಸಂಸದರಾದ ಮೇಲೂ ರೋಗಿಗಳನ್ನು ನೋಡೋದು ಬಿಡಲಿಲ್ಲ.

ಈ ದಾಖಲೆ ಎಂಥ ದಾರದ ಮೇಲೆ ನಿಂತಿದೆ ಅಂತ ಗೊತ್ತಾಗಬೇಕಾದರೆ 2005 ನೋಡಬೇಕು. ಡಾರ್ಟ್‌ಫರ್ಡ್‌ಗೆ ತಾಗಿಕೊಂಡೇ ಪೂರ್ವಕ್ಕೆ ಗ್ರೇವ್‌ಶಮ್ ಕ್ಷೇತ್ರ ಇದೆ. ಅದರ ಮುಖ್ಯ ಪಟ್ಟಣ ಗ್ರೇವ್ಸೆಂಡ್. ದೊಡ್ಡ ಸಿಖ್ ಸಮುದಾಯ ಇರುವ ಊರು, ಗುರು ನಾನಕ್ ದರ್ಬಾರ್ ಎಂಬ ಭವ್ಯ ಗುರುದ್ವಾರ ಅಲ್ಲಿದೆ. ಗಂಟೆ ಕಟ್ಟಿದ ಟಗರು ಅಂತ ಹೆಚ್ಚು ಹೆಸರು ಮಾಡಿದ್ದು ಆ ಕ್ಷೇತ್ರವೇ. ಮೊದಲ ಮಹಾಯುದ್ಧದ ನಂತರ ಅದು ತಪ್ಪಿದ್ದು 1929 ಮತ್ತು 1951ರಲ್ಲಿ, ಎರಡೇ ಸಲ. ಆದರೆ 2005ರಲ್ಲಿ ಬ್ಲೇರ್ ಮೂರನೇ ಸಲ ಗೆದ್ದಾಗ ಗ್ರೇವ್‌ಶಮ್ 654 ಮತಗಳಿಂದ ಕನ್ಸರ್ವೇಟಿವ್ ಪಾಲಾಯಿತು. ಅದೇ ರಾತ್ರಿ ಪಕ್ಕದ ಡಾರ್ಟ್‌ಫರ್ಡ್‌ನಲ್ಲಿ ಡಾಕ್ಟರ್ ಸ್ಟೋಟ್ ಉಳಿದುಕೊಂಡದ್ದು 706 ಮತಗಳಿಂದ. ಒಂದೇ ನದಿ, ಒಂದೇ ರೈಲು ಮಾರ್ಗ, ಹೆಚ್ಚುಕಮ್ಮಿ ಒಂದೇ ಥರದ ಜನ. ಡಾರ್ಟ್‌ಫರ್ಡ್‌ನಲ್ಲಿ 354 ಜನ ಮನಸ್ಸು ಬದಲಿಸಿ ಆ ಕಡೆ ಹಾಕಿದ್ದರೆ ಕಿರೀಟ ಅಲ್ಲೂ ಬೀಳುತ್ತಿತ್ತು. ಒಂದು ಅಪಾರ್ಟ್‌ಮೆಂಟಿನ ಜನ! ಅಷ್ಟಕ್ಕೆ ಗ್ರೇವ್‌ಶಮ್ ಹೆಸರು ಮರೆತುಹೋಯಿತು, ಡಾರ್ಟ್‌ಫರ್ಡ್‌ಗೆ ಕ್ಯಾಮೆರಾ ಬಂತು.

ಹಾಗಾದರೆ ಇದು ಬರೀ ಅದೃಷ್ಟವಾ? ಕ್ಯಾಲ್ಕುಲೇಟರ್ ತಗೊಂಡು ಕೂರೋಣ. 17 ಸಲ ನಾಣ್ಯ ಚಿಮ್ಮಿ 17 ಸಲವೂ ಸರಿಯಾಗುವ ಸಾಧ್ಯತೆ 1,31,072ರಲ್ಲಿ ಒಂದು. ಕೇಳಿದರೆ ಪವಾಡ ಅನಿಸುತ್ತೆ. ಆದರೆ ಚುನಾವಣೆ ನಾಣ್ಯ ಅಲ್ಲ. ಗೆದ್ದ ಸಂಸದ ಮುಂದಿನ ಸಲವೂ ಗೆಲ್ಲೋದು, ಇದ್ದ ಸರ್ಕಾರ ಮುಂದುವರಿಯೋದು ಮಾಮೂಲು. 1964ರ ನಂತರ ಸರ್ಕಾರದ ಪಕ್ಷ ನಿಜವಾಗಿ ಬದಲಾದದ್ದು ಆರೇ ಸಲ: 1970, 1974, 1979, 1997, 2010, 2024. ಕಷ್ಟದ ಪರೀಕ್ಷೆ ಅಂದರೆ ಈ ಆರು. ಆರು ಸಲ ನಾಣ್ಯ ಸರಿಯಾಗುವ ಸಾಧ್ಯತೆ 64ರಲ್ಲಿ ಒಂದು. ಬ್ರಿಟನ್‌ನಲ್ಲಿ 650 ಕ್ಷೇತ್ರ ಇವೆ. ಅಷ್ಟೂ ಕಡೆ ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಹತ್ತು ಕ್ಷೇತ್ರ ಪಾಸಾಗಬೇಕು. ಇದು ಒರಟು ಲೆಕ್ಕ, ಸಂಖ್ಯಾಶಾಸ್ತ್ರದ ಮೇಷ್ಟ್ರು ಬೈದರೆ ಬೈಯಲಿ. ಆದರೆ ಪವಾಡದ ಗಾಳಿ ತೆಗೆಯಲು ಇಷ್ಟು ಸಾಕು. ಯಾವುದೋ ಒಂದು ಕ್ಷೇತ್ರಕ್ಕೆ ಈ ದಾಖಲೆ ಸಿಗಲೇಬೇಕಿತ್ತು. ಎರಡು ಪಕ್ಷಗಳ ಬಲ ತೂಕಕ್ಕೆ ತೂಕ ಇರುವ, ಗಾಳಿ ಬೀಸಿದ ಕಡೆ ವಾಲುವ ಕ್ಷೇತ್ರಕ್ಕೆ ಸಿಗುವ ಸಂಭವ ಜಾಸ್ತಿ. ಡಾರ್ಟ್‌ಫರ್ಡ್ ಅಂಥದ್ದು.

ಟಿವಿಗೆ ಇದೆಲ್ಲ ಬೇಡ, ಟಿವಿಗೆ ಮುಖ ಬೇಕು. ಈ ಮಾತನ್ನು ನಾನೇ ಹೇಳುತ್ತಿದ್ದೇನೆ, ನಗಬೇಡಿ. 1960ರ ದಶಕದಲ್ಲಿ ಬಿಬಿಸಿ ಸ್ಟುಡಿಯೋದಲ್ಲಿ ರಾಬರ್ಟ್ ಮೆಕೆಂಜಿ ಎಂಬ ಪ್ರಾಧ್ಯಾಪಕರು ಲೋಲಕದಂಥ ಕಡ್ಡಿಯೊಂದನ್ನು ಕೈಯಲ್ಲಿ ತಳ್ಳುತ್ತಾ ಯಾವ ಕಡೆ ಎಷ್ಟು ವಾಲಿದರೆ ಎಷ್ಟು ಸೀಟು ಅಂತ ತೋರಿಸುತ್ತಿದ್ದರು. ಸ್ವಿಂಗೋಮೀಟರ್ ಅಂತ ಅದರ ಹೆಸರು. ನಾವಿವತ್ತು ಟಚ್‌ಸ್ಕ್ರೀನ್ ಮುಂದೆ ನಿಂತು ಮಾಡೋದೆಲ್ಲ ಅದರ ಮೊಮ್ಮಕ್ಕಳು. 1992ರಲ್ಲಿ ಎಲ್ಲಾ ಸಮೀಕ್ಷೆಗಳು ಅತಂತ್ರ ಅಂತ ಹೇಳುತ್ತಿದ್ದಾಗ, ಥೇಮ್ಸ್ ಆಚೆ ದಡದ ಎಸೆಕ್ಸ್‌ನ ಬ್ಯಾಸಿಲ್ಡನ್ ಕ್ಷೇತ್ರದಲ್ಲಿ ಡೇವಿಡ್ ಏಮಸ್ 1,480 ಮತಗಳಿಂದ ಗೆದ್ದು ವೇದಿಕೆ ಮೇಲೆ ಬಾಯಿತುಂಬ ನಕ್ಕರು. ಆ ನಗು ನೋಡಿಯೇ ದೇಶಕ್ಕೆ ಗೊತ್ತಾಯಿತು, ಜಾನ್ ಮೇಜರ್ ಉಳಿದರು ಅಂತ. ಅವತ್ತಿನಿಂದ ಬ್ರಿಟಿಷ್ ಚಾನೆಲ್‌ಗಳಿಗೆ ಪ್ರತಿ ಚುನಾವಣೆಗೂ ಒಂದು ಬ್ಯಾಸಿಲ್ಡನ್ ಬೇಕು. ಆ ಹಳೆಯ ಬ್ಯಾಸಿಲ್ಡನ್ ಕ್ಷೇತ್ರ 2010ರ ಹೊತ್ತಿಗೆ ಗಡಿ ಬದಲಾವಣೆಯಲ್ಲಿ ನಕ್ಷೆಯಿಂದಲೇ ಮಾಯವಾಯಿತು.

ನನಗೆ ನಿಜವಾಗಿ ಕಾಡುವುದು ಬೇರೆ. ಯಾವ ಊರು ವಾಲುತ್ತದೋ ಆ ಊರಿಗೆ ಮಾತ್ರ ಪಕ್ಷಗಳು ಕಿವಿ ಕೊಡುತ್ತವೆ. ಕಲ್ಲಿದ್ದಲು ಗಣಿಯ ಊರುಗಳು ಲೇಬರ್‌ಗೇ ಹಾಕ್ತವೆ ಬಿಡಿ, ಶ್ರೀಮಂತ ಹಳ್ಳಿಗಳು ಕನ್ಸರ್ವೇಟಿವ್‌ಗೇ ಹಾಕ್ತವೆ ಬಿಡಿ. ಉಳಿದದ್ದು ಡಾರ್ಟ್‌ಫರ್ಡ್‌ನಂಥ ಕೆಲವು ಡಜನ್ ಕ್ಷೇತ್ರ. ಅಲ್ಲಿನ ಮನೆ ಸಾಲದ ಕಂತು, ಅಲ್ಲಿನ ಟ್ರಾಫಿಕ್, ಅಲ್ಲಿನ ರೈಲು ಟಿಕೆಟ್ ದರ ಪ್ರಣಾಳಿಕೆಯ ಮೊದಲ ಪುಟಕ್ಕೆ ಬರುತ್ತೆ. 2016ರ ಜನಮತಗಣನೆಯಲ್ಲಿ ಮಾತ್ರ ಎಲ್ಲ ಊರಿನ ಎಲ್ಲ ಮತಕ್ಕೂ ಸಮ ಬೆಲೆ ಇತ್ತು. ಆಗ ನೋಡಿ, ದೇಶ ಶೇ. 52ರಷ್ಟು ಬ್ರೆಕ್ಸಿಟ್ ಅಂದಾಗ ಡಾರ್ಟ್‌ಫರ್ಡ್ ಪ್ರದೇಶ ಶೇ. 64ರಷ್ಟು ಅಂದಿತು. ದಿಕ್ಕು ಸರಿ, ಆದರೆ ಕನ್ನಡಿಯಲ್ಲಿ ಮುಖ ಇಷ್ಟು ಉಬ್ಬಿ ಕಂಡರೆ ಅದನ್ನು ಕನ್ನಡಿ ಅಂತ ಹೇಗೆ ಕರೆಯೋದು? ಆ ಸಿಟ್ಟಿನ ಬಿಸಿ ಅಲ್ಲಿನ ಸಂಸದನಿಗೂ ತಾಗಿತ್ತು. 2005ರಲ್ಲಿ 706 ಮತಗಳಿಂದ ಸೋತು 2010ರಲ್ಲಿ ಗೆದ್ದ ಗ್ಯಾರೆತ್ ಜಾನ್ಸನ್, ತೆರೇಸಾ ಮೇ ಅವರ ಬ್ರೆಕ್ಸಿಟ್ ಒಪ್ಪಂದವನ್ನು ಒಪ್ಪಲಾರದೆ 2019ರ ಜನವರಿಯಲ್ಲಿ ಸರ್ಕಾರದ ಸಚೇತಕ ಹುದ್ದೆಯನ್ನೇ ಬಿಟ್ಟರು. ಅದೇ ವರ್ಷದ ಡಿಸೆಂಬರ್ ಚುನಾವಣೆಯಲ್ಲಿ ಊರು ಅವರಿಗೆ 19,160 ಮತಗಳ ಅಂತರ ಕೊಟ್ಟಿತು.

ಐದು ವರ್ಷದಲ್ಲಿ ಅಷ್ಟು ದೊಡ್ಡ ಅಂತರ ಕರಗಿಹೋಯಿತು. 2024ರಲ್ಲಿ ಗೆದ್ದವರು ಲೇಬರ್‌ನ ಜಿಮ್ ಡಿಕ್ಸನ್. ಅದಕ್ಕೂ ಮುಂಚೆ ಅವರು ಲಂಡನ್‌ನ ಲ್ಯಾಂಬೆತ್ ಕೌನ್ಸಿಲ್‌ನಲ್ಲಿ ಬಹಳ ವರ್ಷ ಸದಸ್ಯರಾಗಿದ್ದವರು. ಲ್ಯಾಂಬೆತ್ ಅಂದರೆ ನಮಗೆ ಬೇರೆ ಪರಿಚಯ ಬೇಕಿಲ್ಲ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ, ಕಲಬುರಗಿ ಮೂಲದ ನೀರಜ್ ಪಾಟೀಲರು ಮೇಯರ್ ಆಗಿದ್ದೂ ಅಲ್ಲೇ.

ಡಿಕ್ಸನ್‌ಗೆ ಬಿದ್ದ ಮತ 14,704. ಚಲಾವಣೆಯಾದ ಮತದಲ್ಲಿ ಇದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಷ್ಟೇ. ಇಡೀ ದೇಶದಲ್ಲಿ ಲೇಬರ್‌ಗೆ ಸಿಕ್ಕಿದ್ದು ಶೇ. 33.7 ಮತ, 411 ಸೀಟು. ಈ ಒಂದು ವಿಷಯದಲ್ಲಿ ಡಾರ್ಟ್‌ಫರ್ಡ್ ದೇಶದ ಪಡಿಯಚ್ಚು. ಎರಡೂ ಕಡೆ ಮೂವರಲ್ಲಿ ಇಬ್ಬರು ಬೇರೆ ಯಾರನ್ನೋ ಬಯಸಿದ್ದರು. ಶೇ. 14 ಮತ ಪಡೆದ ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷಕ್ಕೆ ದೇಶದಲ್ಲಿ ಸಿಕ್ಕಿದ್ದು 5 ಸೀಟು. ಡಾರ್ಟ್‌ಫರ್ಡ್‌ನಲ್ಲಿ ಆ ಪಕ್ಷ ಮೂರನೇ ಸ್ಥಾನದಲ್ಲಿತ್ತು. ಕನ್ಸರ್ವೇಟಿವ್ ಮತ ಅತ್ತ ಒಡೆದುಹೋಗದಿದ್ದರೆ ಆ 1,192ರ ಅಂತರ ಉಳಿಯುತ್ತಿತ್ತಾ? ಜಾನ್ಸನ್ ಅವರಂತೂ ಈ ಪ್ರಶ್ನೆ ಕೇಳಿಕೊಂಡಿರಲೇಬೇಕು.

ಹತ್ತು ತಿಂಗಳ ನಂತರ, 2025ರ ಮೇ ತಿಂಗಳಲ್ಲಿ, ಡಾರ್ಟ್‌ಫರ್ಡ್ ಸೇರಿರುವ ಕೆಂಟ್ ಕೌಂಟಿ ಕೌನ್ಸಿಲ್‌ಗೆ ಚುನಾವಣೆ ನಡೆಯಿತು. 81 ಸ್ಥಾನಗಳಲ್ಲಿ ರಿಫಾರ್ಮ್ ಪಕ್ಷ 57 ಬಾಚಿಕೊಂಡಿತು. ಸಂಸತ್ತಿಗೆ ಮುಂದಿನ ಚುನಾವಣೆ 2029ರ ಆಗಸ್ಟ್ ಒಳಗೆ ಆಗಬೇಕು. 1964ರಿಂದ ಲೇಬರ್ ಮತ್ತು ಕನ್ಸರ್ವೇಟಿವ್ ಬಿಟ್ಟು ಮೂರನೆಯವರನ್ನು ಡಾರ್ಟ್‌ಫರ್ಡ್ ಒಮ್ಮೆಯೂ ಆರಿಸಿಲ್ಲ, ದೇಶವೂ ಆರಿಸಿಲ್ಲ. ಆ ರಾತ್ರಿ ಮತ್ತೆ ನಮ್ಮಲ್ಲಿ ಎರಡೂವರೆ ಆಗಿರುತ್ತೆ, ಎಚ್ಚರ ಇದ್ದವರು ನೋಡಿ.